ಲೀಗ್ ದಿನ ಮಾತ್ರ ಕೈಕೊಡುವ ಗಾಲ್ಫ್: ದೋಷ ಹುಡುಕುವ ಬಗೆ

ದೂರು ಸಾಮಾನ್ಯವಾಗಿ ಹೀಗಿರುತ್ತದೆ. ಡ್ರೈವಿಂಗ್ ರೇಂಜ್‌ನಲ್ಲಿ, ಅಂದರೆ ಅಭ್ಯಾಸದ ಮೈದಾನದಲ್ಲಿ, ಚೆಂಡು ನೆಟ್ಟಗೆ ಹೋಗುತ್ತದೆ. ರಜೆಯ ದಿನ ಗೆಳೆಯರ ಜೊತೆ ಆಡಿದರೂ ಪರವಾಗಿಲ್ಲ. ಲೀಗ್ ದಿನ ಬಂತೆಂದರೆ ಸ್ಕೋರ್‌ಕಾರ್ಡ್ ತುಂಬ ಹೋಲ್‌ಗೆ 7, 8 ಹೊಡೆತಗಳು ಕಾಣಿಸಿಕೊಳ್ಳುತ್ತವೆ. ಆಗ ಹೆಚ್ಚಿನವರು ಮಾಡುವ ಮೊದಲ ಕೆಲಸ ಸ್ವಿಂಗ್ ಬದಲಿಸುವುದು. ಎರಡನೆಯದು ಹೊಸ ಡ್ರೈವರ್ (ಅತಿ ದೂರ ಹೊಡೆಯುವ ಕ್ಲಬ್) ಕೊಳ್ಳುವುದು. ಎರಡರಿಂದಲೂ ಜೇಬಿಗೆ, ಸಮಯಕ್ಕೆ ಪೆಟ್ಟು. ರೇಂಜ್‌ನಲ್ಲಿ ಸರಿಯಿರುವ ಸ್ವಿಂಗ್ ವಾರಕ್ಕೊಂದು ದಿನ ಮಾತ್ರ ಕೆಡುತ್ತದೆ ಎಂದರೆ, ಮೂಲ ಸ್ವಿಂಗ್‌ನಲ್ಲಿ ಇರುವ ಸಾಧ್ಯತೆ ಕಡಿಮೆ.

ಹಾಗಾಗಿ ಇಲ್ಲಿ ಹುಡುಕುವ ಕ್ರಮವೇ ಉಲ್ಟಾ. ಮೊದಲು ಅಳತೆ ನೋಡಬೇಕು. ಆಮೇಲೆ ಗುರಿ, ಆಮೇಲೆ ಒತ್ತಡ, ಸ್ವಿಂಗ್ ಕೊನೆಗೆ. ಲೀಗ್ ಆಟಗಾರರು 'ಒತ್ತಡ' ಎಂದು ಹೇಳಿಕೊಳ್ಳುವ ತೊಂದರೆಯಲ್ಲಿ ದೊಡ್ಡ ಪಾಲು ತಪ್ಪಾಗಿ ಇಟ್ಟುಕೊಂಡ ಗುರಿಯದ್ದೇ ಎಂದು ನನಗನ್ನಿಸುತ್ತದೆ. ತಲೆಯಲ್ಲಿ ಇಟ್ಟುಕೊಂಡ ಸಂಖ್ಯೆಯೇ ತಪ್ಪಾಗಿದ್ದರೆ, ಮೂರನೇ ಹೋಲ್ ಮುಗಿಯುವಷ್ಟರಲ್ಲಿ ಸೋತ ಭಾವನೆ ಬಂದುಬಿಡುತ್ತದೆ. ಮಿಕ್ಕಿದ್ದು ಅದರ ಹಿಂದೆಯೇ ಬರುತ್ತದೆ.

ನಿಜಕ್ಕೂ ದೋಷ ಇದೆಯೇ?

ಆಟಗಾರರು ಹೇಳುವ ಮಾತು: "ನನ್ನ ಹ್ಯಾಂಡಿಕ್ಯಾಪ್ 18. ಅಂದರೆ ಪಾರ್‌ಗಿಂತ 18 ಜಾಸ್ತಿ ಹೊಡೆಯುವವನು. ಲೀಗ್‌ನಲ್ಲಿ ಮಾತ್ರ 24 ಆಗುತ್ತದೆ." (ಪಾರ್ ಎಂದರೆ ಕೋರ್ಸಿಗೆ ನಿಗದಿಯಾದ ಹೊಡೆತಗಳ ಸಂಖ್ಯೆ.) ಈ ಲೆಕ್ಕದಲ್ಲೇ ಎಡವಟ್ಟಿದೆ.

2020ರಲ್ಲಿ ಜಾರಿಗೆ ಬಂದ ವರ್ಲ್ಡ್ ಹ್ಯಾಂಡಿಕ್ಯಾಪ್ ಸಿಸ್ಟಮ್ ಪ್ರಕಾರ ಹ್ಯಾಂಡಿಕ್ಯಾಪ್ ಇಂಡೆಕ್ಸ್ ನಿಮ್ಮ ಸಾಮಾನ್ಯ ಆಟದ ಸರಾಸರಿ ಅಲ್ಲ. ಕೊನೆಯ 20 ಸುತ್ತುಗಳಲ್ಲಿ ಅತಿ ಚೆನ್ನಾಗಿ ಆಡಿದ 8ರ ಸರಾಸರಿ. ಉಳಿದ 12 ಸುತ್ತು ಲೆಕ್ಕಕ್ಕೇ ಬರುವುದಿಲ್ಲ. ಅಂದರೆ ಇಂಡೆಕ್ಸ್ ಹೇಳುವುದು ನೀವು ಎಷ್ಟು ಚೆನ್ನಾಗಿ ಆಡಬಲ್ಲಿರಿ ಎಂಬುದನ್ನು, ಈ ವಾರ ಹೇಗೆ ಆಡುತ್ತೀರಿ ಎಂಬುದನ್ನಲ್ಲ.

ಒಂದು ಲೆಕ್ಕ ನೋಡಿ. ಇಂಡೆಕ್ಸ್ 18.0. ಕೋರ್ಸಿನ ಸ್ಲೋಪ್ (ಸಾಧಾರಣ ಆಟಗಾರನಿಗೆ ಅದು ಎಷ್ಟು ಕಷ್ಟ ಎಂಬ ಅಳತೆ) 130, ಕೋರ್ಸ್ ರೇಟಿಂಗ್ (ನುರಿತ ಆಟಗಾರನಿಂದ ನಿರೀಕ್ಷಿಸುವ ಸ್ಕೋರ್) 71.2, ಪಾರ್ 72. ಕೋರ್ಸ್ ಹ್ಯಾಂಡಿಕ್ಯಾಪ್ ಬೇಕಾದರೆ 18ನ್ನು 130ರಿಂದ ಗುಣಿಸಿ 113ರಿಂದ (ಇದು ಪ್ರಮಾಣಿತ ಸ್ಲೋಪ್) ಭಾಗಿಸಬೇಕು, 20.7 ಬರುತ್ತದೆ. ರೇಟಿಂಗ್ ಪಾರ್‌ಗಿಂತ 0.8 ಕಡಿಮೆ ಇದೆ, ಅದನ್ನು ಕಳೆದರೆ 19.9. ಹತ್ತಿರದ ಪೂರ್ಣ ಸಂಖ್ಯೆ 20. ಹಾಗಾಗಿ ಈ ಕೋರ್ಸಿನಲ್ಲಿ 'ಹ್ಯಾಂಡಿಕ್ಯಾಪ್‌ಗೆ ತಕ್ಕಂತೆ' ಆಡುವುದು ಎಂದರೆ 92, 90 ಅಲ್ಲ. ಅದೂ ಒಳ್ಳೆಯ ದಿನದ ಮಾತು. ಈ ಆಟಗಾರನ ಎಲ್ಲಾ 20 ಸುತ್ತುಗಳ ಸರಾಸರಿ ಇಂಡೆಕ್ಸ್‌ಗಿಂತ 3 ಹೆಚ್ಚಿದ್ದರೆ (ಅಷ್ಟಿರುವುದು ತೀರಾ ಮಾಮೂಲು), ಇಲ್ಲಿ ಅವನ ಸಾಧಾರಣ ದಿನ 95 ಅಥವಾ 96. ಅವನು ಲೀಗ್‌ನಲ್ಲಿ 96 ಹೊಡೆದು ತಲೆ ಚಚ್ಚಿಕೊಂಡರೆ, ಏನೂ ಕೆಡದ ಯಂತ್ರವನ್ನು ಬಿಚ್ಚಲು ಹೊರಟಂತೆ.

ಪರೀಕ್ಷೆ ಸುಲಭ. ಹ್ಯಾಂಡಿಕ್ಯಾಪ್ ಆ್ಯಪ್‌ನಲ್ಲಿ ಕೊನೆಯ 20 ಡಿಫರೆನ್ಷಿಯಲ್‌ಗಳು (ಕೋರ್ಸಿನ ಕಷ್ಟಕ್ಕೆ ಹೊಂದಿಸಿದ ಸ್ಕೋರ್‌ಗಳು) ಸಿಗುತ್ತವೆ. ಎಂಟನ್ನಲ್ಲ, ಇಪ್ಪತ್ತನ್ನೂ ಕೂಡಿಸಿ ಸರಾಸರಿ ತೆಗೆಯಿರಿ. ಅತಿ ಒಳ್ಳೆಯದು, ಅತಿ ಕೆಟ್ಟದ್ದು ಎರಡನ್ನೂ ಬರೆದುಕೊಳ್ಳಿ. ಲೀಗ್ ಸುತ್ತುಗಳಿಗೆ ಬೇರೆ ಬಣ್ಣದ ಗುರುತು ಹಾಕಿ. ಗುರುತುಗಳು ಮೇಲಿಂದ ಕೆಳಗಿನವರೆಗೆ ಚದುರಿದ್ದರೆ ಲೀಗ್ ದೋಷ ಎಂಬುದೇ ಇಲ್ಲ. ಎಲ್ಲಾ ಕೆಟ್ಟ ಕಡೆಗೇ ಗುಂಪಾಗಿದ್ದರೆ ಮುಂದೆ ಓದಿ. ಲೀಗ್‌ನಲ್ಲಿ 9 ಹೋಲ್ ಮಾತ್ರ ಆಡುತ್ತೀರಾ? ಹಾಗಾದರೆ ಒಂದೆರಡು ಸಂಜೆಯ ಸ್ಕೋರ್ ನೋಡಿ ತೀರ್ಮಾನ ಮಾಡಬೇಡಿ. 9 ಹೋಲ್‌ನಲ್ಲಿ ಒಂದು ಕಳೆದುಹೋದ ಚೆಂಡು ಸಾಕು, ಚಿತ್ರವೇ ಬದಲಾಗುತ್ತದೆ.

ಇನ್ನೊಂದು ಅಳತೆ ದೋಷವನ್ನು ಜನ ಒಪ್ಪುವುದೇ ಇಲ್ಲ. ಗೆಳೆಯರ ಜೊತೆ ಆಡುವಾಗ ಎರಡಡಿ ಪಟ್ (ಹೋಲ್ ಹತ್ತಿರ ಚೆಂಡನ್ನು ಉರುಳಿಸುವ ಹೊಡೆತ) ಉಳಿದರೆ "ಆಯ್ತು ಬಿಡಿ, ಎತ್ಕೊಳ್ಳಿ" ಎನ್ನುತ್ತಾರೆ. ಮೊದಲ ಟೀ ಶಾಟ್ (ಹೋಲ್ ಶುರು ಮಾಡುವ ಹೊಡೆತ) ಹಾಳಾದರೆ ಇನ್ನೊಂದು ಹೊಡೆಯಲು ಬಿಡುತ್ತಾರೆ. ಹೀಗೆ ಸಿಕ್ಕ 91ನ್ನು ಲೀಗ್‌ನ 96ರ ಪಕ್ಕದಲ್ಲಿಟ್ಟು ಒತ್ತಡ ಅಂದರೆ ಹೇಗೆ? ಹೋಲ್ ಹೋಲ್‌ಗೆ ಗೆಲುವು ಸೋಲು ಎಣಿಸುವ ಮ್ಯಾಚ್ ಪ್ಲೇಯಲ್ಲಿ ಪಟ್ ಬಿಟ್ಟುಕೊಡುವುದು ನಿಯಮಬದ್ಧ. ಒಟ್ಟು ಹೊಡೆತ ಎಣಿಸುವ ಸ್ಟ್ರೋಕ್ ಪ್ಲೇಯಲ್ಲಿ ಚೆಂಡು ಹೋಲ್‌ಗೆ ಬೀಳಲೇಬೇಕು. ಒಂದೆರಡು ಸಲ ಗೆಳೆಯರ ಜೊತೆಗೂ ಪೂರ್ತಿ ನಿಯಮದಂತೆ ಆಡಿ ನೋಡಿ. ಅಂತರ ಅಲ್ಲಿಗೇ ಮಾಯವಾಗುವುದುಂಟು.

ಮುಂದಿನ ಅನುಮಾನ ಗುರಿಯ ಮೇಲೆ

ಈ ಸೀಸನ್‌ಗೆ ಏನು ಗುರಿ ಎಂದು ಕೇಳಿದರೆ ಬರುವ ಉತ್ತರಗಳು ಎರಡೇ. "ಇಂಡೆಕ್ಸ್ 18ರಿಂದ 14ಕ್ಕೆ ಇಳಿಸಬೇಕು." ಇಲ್ಲವೇ, "ಸುಮ್ನೆ ಕೈಲಾದಷ್ಟು ಚೆನ್ನಾಗಿ ಆಡೋದು." ಎರಡೂ ಕೆಲಸಕ್ಕೆ ಬರುವುದಿಲ್ಲ, ಬೇರೆ ಬೇರೆ ಕಾರಣಕ್ಕೆ.

'ಕೈಲಾದಷ್ಟು' ಎಂಬುದು ಗುರಿಯೇ ಅಲ್ಲ. ಎಡ್ವಿನ್ ಲಾಕ್ ಮತ್ತು ಗ್ಯಾರಿ ಲೇಥಮ್ ಎಂಬ ಮನಶ್ಶಾಸ್ತ್ರಜ್ಞರು ದಶಕಗಳ ಕಾಲ ಗುರಿಗಳ ಬಗ್ಗೆ ಕೆಲಸ ಮಾಡಿದರು. ಅವರ ಮುಖ್ಯ ಮಾತು ಇಷ್ಟು: ಸ್ಪಷ್ಟವಾದ, ಸ್ವಲ್ಪ ಕಷ್ಟದ ಗುರಿ ಇಟ್ಟುಕೊಂಡವರು ಕೈಲಾದಷ್ಟು ಮಾಡಿ ಎಂದು ಹೇಳಿಸಿಕೊಂಡವರಿಗಿಂತ ಚೆನ್ನಾಗಿ ಮಾಡುತ್ತಾರೆ. ಆದರೆ ಅದಕ್ಕೊಂದು ಬಾಲವಿದೆ. ಇನ್ನೂ ಕಲಿಯುತ್ತಿರುವ, ಕ್ಲಿಷ್ಟವಾದ ಕೆಲಸದಲ್ಲಿ ಫಲಿತಾಂಶದ ಗುರಿಗಿಂತ ಕಲಿಕೆಯ ಗುರಿ ವಾಸಿ. ಹವ್ಯಾಸಿ ಗಾಲ್ಫ್ ಆಟಗಾರರಲ್ಲಿ ಬಹುಪಾಲು ಜನ ಈ ಬಾಲದಲ್ಲೇ ಸೇರುತ್ತಾರೆ.

ಇಂಡೆಕ್ಸನ್ನೇ ಗುರಿ ಮಾಡಿಕೊಂಡರೆ ಏನಾಗುತ್ತದೆ? ಅದು ನಿಮ್ಮ ಈ ವಾರದ ಆಟಕ್ಕೆ ಮಾತ್ರ ಉತ್ತರ ಕೊಡುವ ಸಂಖ್ಯೆ ಅಲ್ಲ. ನೀವು ಎಂದಿನಂತೆಯೇ ಆಡಿದರೂ, ಹಳೆಯ ಒಂದು ಒಳ್ಳೆಯ ಸುತ್ತು ಇಪ್ಪತ್ತರ ಪಟ್ಟಿಯಿಂದ ಆಚೆ ಬಿದ್ದರೆ ಇಂಡೆಕ್ಸ್ ಏರುತ್ತದೆ. ಆಟಗಾರ ಅದನ್ನು ನೋಡಿ "ಏನೋ ಕೆಟ್ಟಿದೆ" ಎಂದು ರಿಪೇರಿ ಶುರು ಮಾಡುತ್ತಾನೆ. ಏರಿಕೆಗೂ ಕಡಿವಾಣ ಇದೆ. ಹಿಂದಿನ 365 ದಿನಗಳ ಅತಿ ಕಡಿಮೆ ಇಂಡೆಕ್ಸ್‌ಗಿಂತ 3.0 ದಾಟಿದ ಮೇಲೆ ಏರಿಕೆ ಅರ್ಧವಾಗುತ್ತದೆ. 5.0ಕ್ಕಿಂತ ಮೇಲೆ ಹೋಗುವುದೇ ಇಲ್ಲ. ಇಷ್ಟೆಲ್ಲ ಗೇರುಗಳಿರುವ ಸಂಖ್ಯೆಯನ್ನು ಪ್ರತಿ ವಾರ ನೋಡಿ ಮನಸ್ಸು ಕೆಡಿಸಿಕೊಳ್ಳುವುದಕ್ಕಿಂತ ತಿಂಗಳಿಗೊಮ್ಮೆ ನೋಡುವುದು ಒಳ್ಳೆಯದು.

ಬದಲಿಗೆ ಎಂಥ ಗುರಿ? ಎಣಿಸಲು ಬರಬೇಕು. ಎದುರಾಳಿಯ ಆಟದ ಮೇಲೆ ನಿಂತಿರಬಾರದು. ಕಾರ್ಡ್ ನೋಡಿದರೆ ಆಯಿತೋ ಇಲ್ಲವೋ ಗೊತ್ತಾಗಬೇಕು. ಉದಾಹರಣೆಗೆ, 9 ಹೋಲ್‌ಗೆ ಸರಾಸರಿ 4 ಡಬಲ್ ಬೋಗಿ (ಪಾರ್‌ಗಿಂತ ಎರಡು ಹೆಚ್ಚು; ಒಂದು ಹೆಚ್ಚಿದ್ದರೆ ಬೋಗಿ) ಅಥವಾ ಅದಕ್ಕಿಂತ ಕೆಟ್ಟ ಹೋಲ್‌ಗಳಿದ್ದರೆ, ಈ ಸೀಸನ್ 3ಕ್ಕೆ ಇಳಿಸುವುದು. ಇಲ್ಲವೇ 'ಟೀ ಶಾಟ್ ಆಟದಲ್ಲಿ ಉಳಿದ ಹೋಲ್‌ಗಳು' ಎಂಬ ಲೆಕ್ಕ. ನನ್ನ ಆಯ್ಕೆ ಇದೇ. ಮಾರ್ಕ್ ಬ್ರಾಡಿ ಎಂಬ ಪ್ರಾಧ್ಯಾಪಕರು ಲಕ್ಷಾಂತರ ಹೊಡೆತಗಳ ಲೆಕ್ಕ ಹಾಕಿ ತೋರಿಸಿದ ಪ್ರಕಾರ, ಒಳ್ಳೆಯ ಆಟಗಾರನಿಗೂ ಸಾಧಾರಣ ಆಟಗಾರನಿಗೂ ನಡುವಿನ ಸ್ಕೋರ್ ಅಂತರದಲ್ಲಿ ಸುಮಾರು ಮೂರನೇ ಎರಡು ಪಾಲು ಬರುವುದು 100 ಗಜಕ್ಕಿಂತ ದೂರದ ಹೊಡೆತಗಳಿಂದ. ಪಟಿಂಗ್‌ನಿಂದಲೇ ಎಲ್ಲ ಹೋಯಿತು ಎಂದು ಗೊಣಗುವವರು ಇದನ್ನೊಮ್ಮೆ ಯೋಚಿಸಬಹುದು.

ಒಂದು ಸಲಕ್ಕೆ ಒಂದೇ ಗುರಿ. ಎರಡಿದ್ದರೆ ಯಾವುದು ಕೆಲಸ ಮಾಡಿತು ಎಂದು ಗೊತ್ತಾಗುವುದಿಲ್ಲ.

ಕಾರ್ಡ್ ಓದುವುದು

ಗುರಿ ಸರಿ ಮಾಡಿದ ಮೇಲೂ ಲೀಗ್ ದಿನ ಕೆಡುತ್ತಿದ್ದರೆ ಒತ್ತಡದ ಸರದಿ. ಒತ್ತಡ ಎಂದು ಒಟ್ಟಾಗಿ ಹೇಳಿದರೆ ಪರಿಹಾರ ಸಿಗುವುದಿಲ್ಲ. ಎಲ್ಲಿ ಕೆಟ್ಟಿತು ಎಂಬುದೇ ಮುಖ್ಯ. ಸುತ್ತು ಮುಗಿದ ಮೇಲೆ, ಮನೆಗೆ ಹೋಗುವ ಮುಂಚೆ, ಹಾಳಾದ ಪ್ರತಿ ಹೋಲ್‌ನ ಪಕ್ಕ ಒಂದು ಅಕ್ಷರ ಬರೆಯಿರಿ. ಹೊಡೆತ ತಪ್ಪಿದ್ದರೆ 'ಹೊ'. ಹೊಡೆತ ಆಯ್ಕೆ ಮಾಡಿದ್ದೇ ತಪ್ಪಾಗಿದ್ದರೆ 'ನಿ', ಅಂದರೆ ನಿರ್ಧಾರ. ತಯಾರಾಗದೆ ಹೊಡೆದಿದ್ದರೆ 'ಆ', ಆತುರ. ನಾಲ್ಕೈದು ಕಾರ್ಡ್ ಸೇರಿದ ಮೇಲೆ ಪಕ್ಕಪಕ್ಕ ಇಟ್ಟು ನೋಡಿ. 'ನಿ' ಮತ್ತು 'ಆ' ಎಷ್ಟಿವೆ ಎಂದು ನೋಡಿದರೆ ಆಶ್ಚರ್ಯವಾಗುತ್ತದೆ. ಇವನ್ನು ಯಾವ ಸ್ವಿಂಗ್ ಪಾಠವೂ ಸರಿಪಡಿಸುವುದಿಲ್ಲ.

ಮೊದಲ ಎರಡು ಹೋಲ್‌ಗಳಲ್ಲೇ ನಷ್ಟ

ಇದನ್ನು ಹೆದರಿಕೆ ಎಂದು ತಿಳಿಯುವವರು ಜಾಸ್ತಿ. ಮೊದಲು ಮೈ ಬಿಸಿಯಾಗಿತ್ತೇ ನೋಡಿ. ಕೆಲಸ ಮುಗಿಸಿ, ಕಾರಿಂದ ಇಳಿದು, ಶೂ ಕಟ್ಟಿಕೊಂಡು ಸೀದಾ ಟೀಗೆ ಹೋದರೆ ಯಾರ ಸ್ವಿಂಗ್ ಆದರೂ ಬಿಗಿಯಾಗಿರುತ್ತದೆ. ಒಂದು ಲೀಗ್ ದಿನ ಇಪ್ಪತ್ತು ನಿಮಿಷ ಮುಂಚೆ ಹೋಗಿ. ಮೈ ಸಡಿಲಿಸಿ, ಕೆಲವು ವೆಜ್ (ಹತ್ತಿರದ ಹೊಡೆತದ ಕ್ಲಬ್) ಹೊಡೆತ, ಕೆಲವು ಉದ್ದ ಪಟ್. ಅಷ್ಟರಿಂದಲೇ ಮೊದಲ ಹೋಲ್‌ಗಳು ಸುಧಾರಿಸಿದರೆ, ಅದು ಹೆದರಿಕೆ ಆಗಿರಲಿಲ್ಲ.

ಸುಧಾರಿಸದಿದ್ದರೆ, ಮೊದಲ ಟೀಯಲ್ಲಿ ಯಾವ ಕ್ಲಬ್ ಎಂಬುದನ್ನು ಮನೆಯಲ್ಲೇ ತೀರ್ಮಾನಿಸಿ. ನಾಲ್ಕು ಜನ ನೋಡುತ್ತಿರುವಾಗ ತೀರ್ಮಾನಿಸಿದರೆ ಕೈ ಡ್ರೈವರ್ ಕಡೆಗೇ ಹೋಗುತ್ತದೆ. ಚೆಂಡು ಔಟ್ ಆಫ್ ಬೌಂಡ್ಸ್ (ಕೋರ್ಸಿನ ಗಡಿಯಾಚೆ) ಆದರೆ ಮತ್ತೆ ಟೀಯಿಂದಲೇ ಹೊಡೆಯಬೇಕು, ಅದು ಮೂರನೇ ಹೊಡೆತ. ನಿಮ್ಮ ಲೀಗ್ ಸ್ಥಳೀಯ ನಿಯಮ ಒಪ್ಪಿಕೊಂಡಿದ್ದರೆ ಎರಡು ಪೆನಾಲ್ಟಿ ಹೊಡೆತದೊಂದಿಗೆ ಮುಂದೆ ಡ್ರಾಪ್ ಮಾಡಬಹುದು. 2019ರಿಂದ ಈ ಅವಕಾಶ ಇದೆ, ನಿಮ್ಮಲ್ಲಿ ಇದೆಯೇ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಚೆಂಡು ಕಳೆದಿರಬಹುದು ಅನ್ನಿಸಿದರೆ 'ಪ್ರೊವಿಷನಲ್' (ತಾತ್ಕಾಲಿಕ ಚೆಂಡು) ಎಂದು ಬಾಯಿಬಿಟ್ಟು ಹೇಳಿ ಇನ್ನೊಂದು ಹೊಡೆಯಿರಿ. ಹುಡುಕಲು ಸಿಗುವುದು 3 ನಿಮಿಷ ಮಾತ್ರ. ನಿಯಮ ಗೊತ್ತಿಲ್ಲದೆ ಟೀ ಮತ್ತು ಪೊದೆ ನಡುವೆ ಓಡಾಡುವುದೇ ಎಷ್ಟೋ ಜನರ ಎರಡನೇ ಹೋಲನ್ನೂ ಹಾಳು ಮಾಡುತ್ತದೆ.

ಒಂದು ಹೋಲ್ ಕೆಟ್ಟರೆ ಮುಂದಿನ ಮೂರೂ ಕೆಡುವುದು

ಇಲ್ಲಿ ದೋಷ ಹೆಚ್ಚಾಗಿ 'ಹೋದದ್ದನ್ನು ಈಗಲೇ ವಾಪಸ್ ತರಬೇಕು' ಎಂಬ ಗುರಿಯದ್ದು. ಲೀಗ್‌ನ ಮಾದರಿ ಯಾವುದು ಎಂದು ಮರೆತವರಿಗೆ ಇದು ಜಾಸ್ತಿ. ಮ್ಯಾಚ್ ಪ್ಲೇಯಲ್ಲಿ 6 ಹೊಡೆದು ಸೋತರೂ, 9 ಹೊಡೆದು ಸೋತರೂ ಹೋಗುವುದು ಒಂದೇ ಹೋಲ್. ಪ್ರತಿ ಹೋಲ್‌ಗೆ ಅಂಕ ಕೊಡುವ ಸ್ಟೇಬಲ್‌ಫರ್ಡ್‌ನಲ್ಲಿ ನೆಟ್ ಪಾರ್‌ಗೆ (ನೆಟ್ ಎಂದರೆ ಹ್ಯಾಂಡಿಕ್ಯಾಪ್ ಕಳೆದ ಮೇಲಿನ ಸ್ಕೋರ್) 2 ಅಂಕ, ನೆಟ್ ಬೋಗಿಗೆ 1, ಅದಕ್ಕಿಂತ ಕೆಟ್ಟದ್ದಕ್ಕೆ ಸೊನ್ನೆ. ಡಾಕ್ಟರ್ ಫ್ರಾಂಕ್ ಸ್ಟೇಬಲ್‌ಫರ್ಡ್ ಅವರ ಈ ಲೆಕ್ಕದಲ್ಲಿ ಒಂದು ಹೋಲ್ ಇಡೀ ಸುತ್ತನ್ನು ನುಂಗಲು ಆಗುವುದಿಲ್ಲ. 1932ರಲ್ಲಿ ಇಂಗ್ಲೆಂಡಿನ ವಾಲಸಿಯಲ್ಲಿ ಈ ಮಾದರಿಯ ಸ್ಪರ್ಧೆ ನಡೆಯಿತು. ಅಂಕ ಸಿಗುವ ಆಸೆ ಮುಗಿದ ಮೇಲೆ ಚೆಂಡು ಎತ್ತಿಕೊಂಡು ನಡೆಯಿರಿ. ಹ್ಯಾಂಡಿಕ್ಯಾಪ್ ಲೆಕ್ಕದಲ್ಲೂ ಒಂದು ಹೋಲ್‌ಗೆ ನೆಟ್ ಡಬಲ್ ಬೋಗಿಯೇ ಗರಿಷ್ಠ.

ಸ್ಟ್ರೋಕ್ ಪ್ಲೇಯಲ್ಲಿ ಮಾತ್ರ ಎಲ್ಲ ಹೊಡೆತವೂ ಉಳಿಯುತ್ತದೆ. ಅದಕ್ಕೆ ಮೊದಲೇ ಮಾಡಿಟ್ಟ ತೀರ್ಮಾನ ಬೇಕು. ಪೀಟರ್ ಗೋಲ್‌ವಿಟ್ಸರ್ ಎಂಬ ಮನಶ್ಶಾಸ್ತ್ರಜ್ಞ 'ಹೀಗಾದರೆ ಹೀಗೆ' ಎಂಬ ರೂಪದಲ್ಲಿ ಯೋಜನೆ ಮಾಡಿಟ್ಟುಕೊಳ್ಳುವುದರ ಬಗ್ಗೆ ಬರೆದಿದ್ದಾರೆ. ಗಾಲ್ಫ್‌ಗೆ ಹೇಳಿ ಮಾಡಿಸಿದ ಉಪಾಯ. 'ಚೆಂಡು ಮರದ ಕೆಳಗೆ ಹೋದರೆ, ಹತ್ತಿರದ ದಾರಿಯಲ್ಲಿ ಫೇರ್‌ವೇಗೆ ತರುತ್ತೇನೆ.' 'ಡಬಲ್ ಬೋಗಿ ಆದರೆ, ಮುಂದಿನ ಟೀಯಲ್ಲಿ ಡ್ರೈವರ್ ಮುಟ್ಟುವುದಿಲ್ಲ.' ಕಾರ್ಡ್ ಹಿಂದೆ ಬರೆದುಕೊಳ್ಳಿ. ಆ ಕ್ಷಣಕ್ಕೆ ಹೊಸದಾಗಿ ಯೋಚಿಸುವ ತಾಪತ್ರಯ ಇರುವುದಿಲ್ಲ.

ಕೊನೆಯ ಹೋಲ್‌ಗಳಲ್ಲಿ ಕೈಬಿಡುವುದು

ಇದರ ಬಗ್ಗೆ ಮಾತು ಬಂದಾಗೆಲ್ಲ 1999ರ ಓಪನ್ ಚಾಂಪಿಯನ್‌ಷಿಪ್ ನೆನಪಿಸಿಕೊಳ್ಳುತ್ತಾರೆ. ಸ್ಕಾಟ್ಲೆಂಡಿನ ಕಾರ್ನೂಸ್ಟಿ ಕೋರ್ಸಿನ ಕೊನೆಯ ಹೋಲ್‌ಗೆ ಬಂದಾಗ ಫ್ರಾನ್ಸಿನ ಜಾನ್ ವಾನ್ ಡ ವೆಲ್ಡ್ ಮೂರು ಹೊಡೆತ ಮುಂದಿದ್ದರು. 6 ಹೊಡೆದರೂ ಗೆಲುವು. ಹೊಡೆದದ್ದು 7. ಪ್ಲೇಆಫ್‌ನಲ್ಲಿ ಪಾಲ್ ಲಾರಿ ಗೆದ್ದರು. ಒತ್ತಡಕ್ಕೆ ಕೈ ನಡುಗಿತು ಎಂದು ಹೇಳಿ ಮುಗಿಸುತ್ತಾರೆ. ಆದರೆ ಆ ಹೋಲನ್ನು ಹೊಡೆತ ಹೊಡೆತವಾಗಿ ನೋಡಿ. ಟೀಯಿಂದ ಡ್ರೈವರ್. ಆಮೇಲೆ ಗ್ರೀನ್ (ಹೋಲ್ ಸುತ್ತಲಿನ ನುಣ್ಣನೆಯ ಹುಲ್ಲು) ಕಡೆಗೆ ಉದ್ದದ ಐರನ್ ಕ್ಲಬ್‌ನ ಹೊಡೆತ, ಅದು ಪ್ರೇಕ್ಷಕರ ಗ್ಯಾಲರಿಗೆ ಬಡಿದು ವಾಪಸ್ ಉದ್ದ ಹುಲ್ಲಿಗೆ. ಅಲ್ಲಿಂದ ತೊರೆಗೆ. ಅಷ್ಟೆಲ್ಲ ಆದ ಮೇಲೆ ಬಂಕರ್‌ನಿಂದ (ಮರಳಿನ ಗುಂಡಿಯಿಂದ) ಹೊರಗೆ ತಂದು, ತಪ್ಪಿದರೆ ಎಲ್ಲವೂ ಮುಗಿಯಿತು ಎಂಬ ಆರೇಳು ಅಡಿಯ ಪಟ್ ಅನ್ನು ಹೋಲ್‌ಗೆ ಹಾಕಿದರು! ಒತ್ತಡ ತುದಿ ಮುಟ್ಟಿದಾಗ ಕೈ ಸರಿಯಾಗಿಯೇ ಇತ್ತು. ನನ್ನ ಪ್ರಕಾರ ಅಲ್ಲಿ ಬರೆಯಬೇಕಾದ ಅಕ್ಷರ 'ಹೊ' ಅಲ್ಲ, 'ನಿ'.

ಲೀಗ್‌ನಲ್ಲೂ ಹೀಗೇ. ಕೊನೆಯ ಹೋಲ್‌ಗಳ ದೋಷಕ್ಕೆ ಮೊದಲ ಪರೀಕ್ಷೆ: ಸ್ಕೋರ್ ಕೂಡಿಸುತ್ತಿದ್ದೀರಾ? "ಇನ್ನು ಎರಡು ಬೋಗಿ ಸಾಕು" ಎಂಬ ಲೆಕ್ಕ ಶುರುವಾದ ಕೂಡಲೇ ಕ್ಲಬ್ ಆಯ್ಕೆ ಬದಲಾಗುತ್ತದೆ. ಒಂದು ದಿನ ಕಾರ್ಡ್ ಬರೆಯುವ ಕೆಲಸ ಜೊತೆಯವರಿಗೆ ಬಿಡಿ, ಒಟ್ಟು ಕೇಳಬೇಡಿ. ಕಾರ್ಡ್‌ಗೆ ಸಹಿ ಹಾಕುವಾಗ ಪ್ರತಿ ಹೋಲ್‌ನ ಸಂಖ್ಯೆ ಸರಿಯಿದೆಯೇ ನೋಡಿದರೆ ಸಾಕು. ಕೊನೆಯ ಹೋಲ್‌ಗಳು ಸುಧಾರಿಸಿದರೆ ಕಾರಣ ಸಿಕ್ಕಿತು.

ಎರಡನೇ ಕಾರಣ, ಮನಸ್ಸಿಗೆ ಕೊಡುವ ಸೂಚನೆ. "ನೀರಿಗೆ ಮಾತ್ರ ಹೋಗಬಾರದು" ಎಂದುಕೊಂಡರೆ ತಲೆಯಲ್ಲಿ ನೀರೇ ನಿಲ್ಲುತ್ತದೆ. ಡೇನಿಯಲ್ ವೆಗ್ನರ್ ಮತ್ತು ಜೊತೆಗಾರರು 1998ರಲ್ಲಿ ಇದನ್ನು ಪಟಿಂಗ್‌ನಲ್ಲೇ ಪರೀಕ್ಷಿಸಿದರು. ಹೋಲ್ ದಾಟಿಸಬೇಡಿ ಎಂದು ಹೇಳಿಸಿಕೊಂಡವರು, ತಲೆಗೆ ಬೇರೆ ಕೆಲಸವೂ ಇದ್ದಾಗ, ಇನ್ನಷ್ಟು ದಾಟಿಸಿದರು. ಹಾಗಾಗಿ ಬೇಡದ್ದನ್ನಲ್ಲ, ಬೇಕಾದ್ದನ್ನು ಹೇಳಿಕೊಳ್ಳಿ: ಗ್ರೀನ್‌ನ ಎಡ ಅಂಚು, ಆ ಮರದ ನೇರ.

ಎದೆ ಡಬಡಬ ಅಂದರೆ? ಶಾಂತವಾಗಲು ಹೆಣಗಬೇಡಿ. ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಆತಂಕವನ್ನು ಉತ್ಸಾಹ ಎಂದು ಹೇಳಿಕೊಂಡವರು ಶಾಂತವಾಗಲು ನೋಡಿದವರಿಗಿಂತ ಚೆನ್ನಾಗಿ ಮಾಡಿದರು. ಅವು ಹಾಡು, ಭಾಷಣ, ಗಣಿತದ ಪ್ರಯೋಗಗಳು, ಗಾಲ್ಫ್‌ನವಲ್ಲ. ಆದರೂ ಪ್ರಯತ್ನಿಸಲು ಖರ್ಚೇನೂ ಇಲ್ಲ ಅಲ್ವಾ?

ಚಿಕ್ಕ ಪಟ್‌ಗಳು ತಪ್ಪುವುದು

ಇಲ್ಲೂ ಅಳತೆಯಿಂದಲೇ ಶುರು. ವೃತ್ತಿಪರ ಪಿಜಿಎ ಟೂರ್ ಆಟಗಾರರು 8 ಅಡಿಯಿಂದ ಹಾಕುವುದು ಸುಮಾರು ಅರ್ಧದಷ್ಟು ಪಟ್ ಮಾತ್ರ. 90ರ ಆಸುಪಾಸಿನಲ್ಲಿ ಆಡುವ ಹವ್ಯಾಸಿಗೆ ಆ ಅರ್ಧದ ಗೆರೆ ಸುಮಾರು 5 ಅಡಿಗೇ ಬರುತ್ತದೆ. ಆರಡಿ ಪಟ್ ತಪ್ಪಿದ್ದಕ್ಕೆ ಹಣೆ ಚಚ್ಚಿಕೊಳ್ಳುವುದು ಬೇಡ.

ಎರಡು, ಮೂರು ಅಡಿಯದ್ದೇ ಲೀಗ್ ದಿನ ತಪ್ಪುತ್ತಿದ್ದರೆ ಅದು ನಿಜವಾದ ಒತ್ತಡದ ದೋಷ. ಇದಕ್ಕೆ ಮದ್ದು ಎಲ್ಲರಿಗೂ ಒಂದೇ ಅಲ್ಲ. ಸಯಾನ್ ಬೈಲಾಕ್ ಮತ್ತು ಥಾಮಸ್ ಕಾರ್ 2001ರಲ್ಲಿ ಪಟಿಂಗ್ ಮೇಲೆ ಮಾಡಿದ ಪ್ರಯೋಗಗಳು ತೋರಿಸಿದ್ದು ಇದು: ಚೆನ್ನಾಗಿ ರೂಢಿಯಾದ ಚಲನೆಯನ್ನು ಒತ್ತಡದಲ್ಲಿ ಹೆಜ್ಜೆ ಹೆಜ್ಜೆಯಾಗಿ ಗಮನಿಸಲು ಹೋದರೆ ಅದು ಕೆಡುತ್ತದೆ. ಆಮೇಲಿನ ಒಂದು ಪ್ರಯೋಗದಲ್ಲಿ, ಬೇಗ ಹೊಡೆಯಿರಿ ಎಂದಾಗ ಅನುಭವಿಗಳು ಸುಧಾರಿಸಿದರು, ಹೊಸಬರು ಕೆಟ್ಟರು. ಹಾಗಾಗಿ ವರ್ಷಗಳಿಂದ ಆಡುತ್ತಿರುವವರು ಗೆರೆ ನೋಡಿ, ನಿಂತು, ತಡ ಮಾಡದೆ ಹೊಡೆಯಲಿ. ಮಣಿಕಟ್ಟು, ಭುಜ ಎಂದು ಯೋಚಿಸುವುದು ಬೇಡ. ಹೊಸಬರಿಗೆ ಅದೇ ಸಲಹೆ ಕೊಟ್ಟರೆ ಹಾಳು. ಅವರು ಸಾವಧಾನವಾಗಿ, ಒಂದು ವಿಷಯದ ಮೇಲೆ ಗಮನವಿಟ್ಟು ಹೊಡೆಯಬೇಕು. ಕ್ಲಬ್‌ನಲ್ಲಿ ಹತ್ತು ಜನ ಹತ್ತು ಸಲಹೆ ಕೊಡುತ್ತಾರಲ್ಲ, ಅವು ಒಬ್ಬರಿಗೆ ಹಿಡಿಸಿ ಇನ್ನೊಬ್ಬರಿಗೆ ಹಿಡಿಸದಿರಲು ಇದೂ ಒಂದು ಕಾರಣ ಇರಬೇಕು.

ಇಬ್ಬರಿಗೂ ಹೊಂದುವ ಅಭ್ಯಾಸ ಒಂದಿದೆ. 2001ರ ಅದೇ ಪ್ರಯೋಗಗಳಲ್ಲಿ, ವಿಡಿಯೋ ಕ್ಯಾಮೆರಾ ಎದುರು ಅಭ್ಯಾಸ ಮಾಡಿದವರು ಆಮೇಲೆ ಒತ್ತಡದಲ್ಲೂ ಕುಸಿಯಲಿಲ್ಲ. ಫೋನ್ ಎದುರಿಗಿಟ್ಟು ರೆಕಾರ್ಡ್ ಮಾಡುತ್ತಾ ಮೂರಡಿ ಪಟ್ ಅಭ್ಯಾಸ ಮಾಡಿ. ಇಲ್ಲವೇ ಲೀಗ್ ಜೊತೆಗಾರರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಜೊತೆಗೆ ಕಣ್ಣು: ಜೋನ್ ವಿಕರ್ಸ್ ಅವರ ಅಧ್ಯಯನಗಳ ಪ್ರಕಾರ ಒಳ್ಳೆಯ ಪಟಿಂಗ್ ಆಟಗಾರರ ನೋಟ ಹೊಡೆಯುವ ಮುಂಚೆ ಚೆಂಡಿನ ಮೇಲೆ ಸುಮಾರು 2ರಿಂದ 3 ಸೆಕೆಂಡ್ ಅಲುಗದೆ ನಿಲ್ಲುತ್ತದೆ. ಹೊಡೆದ ಮೇಲೂ ಒಂದು ಕ್ಷಣ ಅಲ್ಲೇ ಇರುತ್ತದೆ. ಚೆಂಡು ಬಿತ್ತೇ ಎಂದು ತಲೆ ಎತ್ತುವ ಆತುರಕ್ಕೆ ಇದು ಸರಿಯಾದ ಕಡಿವಾಣ.

ತಂಡದ ಆಟದಲ್ಲಿ ಮಾತ್ರ ಕೆಡುವುದು

ಜೊತೆಗಾರನಿಗೆ ಮುಖ ತೋರಿಸುವುದು ಹೇಗೆ ಎಂಬ ಚಿಂತೆ ಇದು. ಸುತ್ತಿಗೆ ಮುಂಚೆ ಎರಡು ಮಾತು ಆಡಿಕೊಂಡರೆ ಅರ್ಧ ಕಡಿಮೆಯಾಗುತ್ತದೆ: ಸುತ್ತಿನುದ್ದಕ್ಕೂ ಕ್ಷಮೆ ಕೇಳುವಂತಿಲ್ಲ, ಕೇಳದೆ ಸಲಹೆ ಕೊಡುವಂತಿಲ್ಲ. ಇಬ್ಬರೂ ತಮ್ಮ ತಮ್ಮ ಚೆಂಡು ಆಡಿ ಉತ್ತಮ ಸ್ಕೋರ್ ಎಣಿಸುವ ಫೋರ್‌ಬಾಲ್‌ನಲ್ಲಿ ಜೊತೆಗಾರರು ತಮಗೆ ಅನುಕೂಲವಾದ ಕ್ರಮದಲ್ಲಿ ಆಡಬಹುದು, ನಿಯಮವೇ ಬಿಟ್ಟಿದೆ. ಸ್ಥಿರವಾಗಿ ಆಡುವವರು ಮೊದಲು ಹೊಡೆದು ಚೆಂಡನ್ನು ಆಟದಲ್ಲಿಟ್ಟರೆ ಇನ್ನೊಬ್ಬರ ಹೆಗಲು ಹಗುರ.

ಇಷ್ಟಾದ ಮೇಲೂ ಉಳಿದರೆ

ಯಾವುದೇ ಒಂದು ಬದಲಾವಣೆಗೆ ನಾಲ್ಕೈದು ಲೀಗ್ ಸುತ್ತುಗಳ ಕಾಲಾವಕಾಶ ಕೊಡಿ. ನಡುವೆ ಇನ್ನೊಂದನ್ನು ಮುಟ್ಟಬೇಡಿ. ಆಮೇಲೂ ಅದೇ ತಪ್ಪು ಹೊಡೆತ ರೇಂಜ್‌ನಲ್ಲೂ ಕಾಣಿಸಿದರೆ, ಈಗ ಸ್ವಿಂಗ್ ದೋಷ ಎಂದು ಕೋಚ್ ಹತ್ತಿರ ಹೋಗಬಹುದು. ಅಕ್ಷರ ಬರೆದ ಕಾರ್ಡ್‌ಗಳನ್ನೂ ಜೊತೆಗೆ ಒಯ್ಯಿರಿ. ಸುಮ್ಮನೆ "ಲೀಗ್‌ನಲ್ಲಿ ಆಗ್ತಾ ಇಲ್ಲ" ಎನ್ನುವುದಕ್ಕಿಂತ ಅವು ಹೆಚ್ಚು ಹೇಳುತ್ತವೆ.

ಒಂದು ಲಕ್ಷಣವನ್ನು ಬೇರೆಯಾಗಿಯೇ ನೋಡಬೇಕು. ಪಟರ್ ಚೆಂಡಿಗೆ ತಾಗುವ ಹೊತ್ತಿಗೆ ಕೈ ತಾನಾಗಿಯೇ ಜಗ್ಗಿದಂತಾದರೆ ಅದನ್ನು ಯಿಪ್ಸ್ ಎನ್ನುತ್ತಾರೆ. ಬರ್ನ್‌ಹಾರ್ಡ್ ಲ್ಯಾಂಗರ್‌ರಂಥ ಆಟಗಾರರೂ ಇದರಿಂದ ಬಳಲಿ ಪಟರ್ ಹಿಡಿಯುವ ರೀತಿಯನ್ನೇ ಬದಲಿಸಿಕೊಂಡರು. ಕೆಲವರಲ್ಲಿ ಇದು ಆತಂಕದಿಂದ, ಕೆಲವರಲ್ಲಿ ನರಗಳ ತೊಂದರೆಯಿಂದ. ಮನೋಬಲದ ಮಾತು ಇಲ್ಲಿ ನಡೆಯುವುದಿಲ್ಲ. ಎಡಗೈ ಕೆಳಗಿಟ್ಟು ಹಿಡಿಯುವುದು, ಕ್ಲಾ ಹಿಡಿತ, ದಪ್ಪ ಗ್ರಿಪ್ ಇವನ್ನು ಒಂದೊಂದಾಗಿ ನೋಡಬಹುದು. ಉದ್ದದ ಪಟರ್ ಬಳಸಬಹುದು, ಆದರೆ 2016ರಿಂದ ಅದನ್ನು ಎದೆಗೆ ಅಥವಾ ಹೊಟ್ಟೆಗೆ ಒತ್ತಿ ಹೊಡೆಯುವಂತಿಲ್ಲ. ಬರೆಯುವಾಗಲೋ ಲೋಟ ಹಿಡಿಯುವಾಗಲೋ ಕೈ ಹಾಗೆಯೇ ಜಗ್ಗುತ್ತಿದ್ದರೆ ಕೋಚ್ ಬೇಡ, ನರರೋಗ ವೈದ್ಯರಿಗೆ ತೋರಿಸಿ.